ರಿವರ್ಬ್ ಪೆಡಲ್ ಕೊಳ್ಳುವ ಮುನ್ನ ಸಭಾಂಗಣದಲ್ಲಿ ಒಂದು ಚಪ್ಪಾಳೆ

ಅಲೆವೂರಿನ ಆಸುಪಾಸಿನ ಹಳೆಯ ಹಂಚಿನ ಮನೆಯೊಂದರ ಚಾವಡಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಹೆಚ್ಚುಕಡಿಮೆ ತಟ್ಟಿದ ಕೈಯಲ್ಲೇ ಮುಗಿದುಹೋಗುತ್ತದೆ. ಹಂಚುಗಳ ಸಂದಿನಿಂದ, ತೆರೆದ ಅಂಗಳದಿಂದ ಅದು ಹೊರಗೆ ಜಾರಿಕೊಳ್ಳುತ್ತದೆ. ಅದೇ ಚಪ್ಪಾಳೆಯನ್ನು ಕಾಂಕ್ರೀಟಿನ ಖಾಲಿ ಸಭಾಂಗಣದಲ್ಲಿ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ ಹೊರಳಾಡಿ, ಕೆಲವು ಕ್ಷಣ ಗಾಳಿಯಲ್ಲಿ ತೇಲಿ, ಆಮೇಲಷ್ಟೇ ಅಡಗುತ್ತದೆ. ಹೀಗೆ ಉಳಿದುಕೊಳ್ಳುವ ನಾದಕ್ಕೆ ವಿಜ್ಞಾನದಲ್ಲಿ ಅನುರಣನ ಎಂದು ಹೆಸರು. ಗಿಟಾರ್ ವಾದಕರ ಮಾತಿನಲ್ಲಿ ಅದೇ ರಿವರ್ಬ್.

ಈ ನಾದವನ್ನು ಕೃತಕವಾಗಿ ಸೃಷ್ಟಿಸಿ, ಕಾಲಿನಿಂದ ಒತ್ತಿ ಚಾಲೂ ಮಾಡಬಹುದಾದ ಪುಟ್ಟ ಪೆಟ್ಟಿಗೆಯೇ ರಿವರ್ಬ್ ಪೆಡಲ್. ಕರಾವಳಿಯಲ್ಲಿ ಗಿಟಾರ್ ಹೊಸ ವಾದ್ಯವೇನಲ್ಲ. ಕೊಂಕಣಿ ಹಾಡುಗಳ ಸಂಗಡ ಅದು ಇಲ್ಲಿ ಬಹುಕಾಲದಿಂದ ಬೆಳೆದಿದೆ. ಇಗರ್ಜಿಗಳ ಗಾಯನವೃಂದಗಳಲ್ಲಿ, ಮದುವೆಯ ರೋಸ್ ಸಮಾರಂಭಗಳಲ್ಲಿ ಅದರ ಸದ್ದು ಚಿರಪರಿಚಿತ. ಪಕ್ಕದ ಮಣಿಪಾಲದ ಕಾಲೇಜುಗಳಿಗೆ ದೇಶದ ನಾನಾ ಕಡೆಗಳಿಂದ ಬರುವ ವಿದ್ಯಾರ್ಥಿಗಳು ತಮ್ಮೊಡನೆ ಎಲೆಕ್ಟ್ರಿಕ್ ಗಿಟಾರನ್ನೂ ತರುತ್ತಾರೆ. ಅವರಲ್ಲಿ ಹಲವರ ಪಾಲಿಗೆ ರಿವರ್ಬ್ ಪೆಡಲ್ ತಿಂಗಳುಗಟ್ಟಲೆ ಉಳಿಸಿದ ಹಣದ ಖರೀದಿ. ಕೋಣೆಯಲ್ಲಿ ಸ್ವರ್ಗದಂತೆ ಕೇಳಿಸಿದ ಪೆಡಲ್ ವೇದಿಕೆಯ ಮೇಲೆ ಎಲ್ಲವನ್ನೂ ಕಲಸುಮೇಲೋಗರ ಮಾಡಿತು ಎಂಬ ದೂರು ಕೇಳಿಬರುವುದೂ ಆಗಲೇ. ದೋಷ ಸಾಮಾನ್ಯವಾಗಿ ಪೆಡಲಿನದಲ್ಲ, ಅದನ್ನು ಪರೀಕ್ಷಿಸಿದ ಜಾಗದ್ದು.

ಪ್ರತಿಧ್ವನಿಯೇ ಬೇರೆ, ಅನುರಣನವೇ ಬೇರೆ

ವಿಜಯಪುರದ ಗೋಲಗುಮ್ಮಟವನ್ನು ಕಂಡವರಿಗೆ ಈ ವ್ಯತ್ಯಾಸ ಸುಲಭವಾಗಿ ಹೊಳೆಯುತ್ತದೆ. ಹದಿನೇಳನೆಯ ಶತಮಾನದ ಈ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುತ್ತದೆ. ಆದ್ದರಿಂದ ಪಿಸುಗುಟ್ಟುವ ಗ್ಯಾಲರಿಯ ಒಂದು ಬದಿಯಲ್ಲಿ ಹೊರಟ ಸದ್ದು ಎದುರು ಗೋಡೆಗೆ ಬಡಿದು ಮರಳಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಇಷ್ಟು ಅಂತರವಿದ್ದರೆ ಕಿವಿ ಮೂಲ ಸದ್ದನ್ನೂ ಮರಳಿದ ಸದ್ದನ್ನೂ ಬೇರೆ ಬೇರೆಯಾಗಿ ಗುರುತಿಸುತ್ತದೆ. ಇದು ಪ್ರತಿಧ್ವನಿ. ಗಿಟಾರ್ ಲೋಕದಲ್ಲಿ ಈ ಕೆಲಸಕ್ಕೆ ಡಿಲೇ ಎಂಬ ಪ್ರತ್ಯೇಕ ಪೆಡಲ್ ಇದೆ.

ಚಿಕ್ಕ ಕೋಣೆಯಲ್ಲಿ ಗೋಡೆಗಳು ಹತ್ತಿರವಿರುವುದರಿಂದ ಮರಳುವ ಸದ್ದುಗಳು ಒಂದರ ಬೆನ್ನಿಗೊಂದು ದಟ್ಟವಾಗಿ ಬಂದು ಬೆರೆತುಹೋಗುತ್ತವೆ. ಕಿವಿಗೆ ಅವು ಬಿಡಿಬಿಡಿಯಾಗಿ ಕೇಳಿಸದೆ, ಮೂಲ ಸ್ವರದ ಬಾಲದಂತೆ ಕೇಳಿಸುತ್ತವೆ. ಇದು ಅನುರಣನ.

ಸ್ಪ್ರಿಂಗಿನಿಂದ ಚಿಪ್ಪಿನವರೆಗೆ

ಕೃತಕ ಅನುರಣನದ ಆರಂಭ ಯಾಂತ್ರಿಕವಾಗಿತ್ತು. ಅಮೆರಿಕದ ಲಾರೆನ್ಸ್ ಹ್ಯಾಮಂಡ್ 1930ರ ದಶಕದ ಕೊನೆಯಲ್ಲಿ ತಮ್ಮ ಆರ್ಗನ್ ವಾದ್ಯಗಳಿಗಾಗಿ ಸ್ಪ್ರಿಂಗುಗಳನ್ನು ಬಳಸಿದರು. ವಿದ್ಯುತ್ ಸಂಕೇತವನ್ನು ಕಂಪನವಾಗಿಸಿ ಸ್ಪ್ರಿಂಗಿನ ಒಂದು ತುದಿಗೆ ಕೊಟ್ಟು, ಇನ್ನೊಂದು ತುದಿಯಲ್ಲಿ ಮತ್ತೆ ವಿದ್ಯುತ್ ಸಂಕೇತವಾಗಿ ಹಿಡಿಯುವುದು ಇದರ ಉಪಾಯ. ಫೆಂಡರ್ ಸಂಸ್ಥೆ 1961ರಲ್ಲಿ ಇದನ್ನು ಪ್ರತ್ಯೇಕ ಪೆಟ್ಟಿಗೆಯಾಗಿ ಗಿಟಾರ್ ವಾದಕರಿಗೆ ಒದಗಿಸಿತು. ಜರ್ಮನಿಯಲ್ಲಿ 1957ರಲ್ಲಿ ಬಂದ ಇಎಂಟಿ 140 ಎಂಬ ಯಂತ್ರ ಸ್ಪ್ರಿಂಗಿನ ಬದಲು ಉಕ್ಕಿನ ದೊಡ್ಡ ತಗಡನ್ನು ಬಳಸಿತು. ಕಾಲು ಟನ್ನಿಗೂ ಮಿಕ್ಕಿದ ತೂಕದ ಅದು ಧ್ವನಿಮುದ್ರಣ ಕೇಂದ್ರಗಳಿಗೆ ಮಾತ್ರ ಎಟುಕುವಂತಿತ್ತು.

ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದ ಆರಂಭದಲ್ಲಿ ಗಣಕದ ಲೆಕ್ಕಾಚಾರದಿಂದಲೇ ಅನುರಣನ ಮೂಡಿಸುವ ವಿಧಾನವನ್ನು ರೂಪಿಸಿದರು. ಆ ವಿದ್ಯೆ ಅಂಗೈಯಗಲದ ಪೆಡಲಿಗೆ ಇಳಿದದ್ದು 1987ರಲ್ಲಿ, ಜಪಾನಿನ ಬಾಸ್ ಸಂಸ್ಥೆಯ ಆರ್‌ವಿ-2 ಮೂಲಕ. ಇಂದಿನ ಪೆಡಲುಗಳ ಮೇಲೆ ಕಾಣುವ ಸ್ಪ್ರಿಂಗ್, ಪ್ಲೇಟ್, ರೂಮ್, ಹಾಲ್ ಎಂಬ ಹೆಸರುಗಳು ಈ ಚರಿತ್ರೆಯ ಗುರುತುಗಳೇ. ಮೊದಲೆರಡು ಯಂತ್ರಗಳ ಅನುಕರಣೆ, ಕೊನೆಯೆರಡು ನಿಜವಾದ ಜಾಗಗಳ ಅನುಕರಣೆ. ಶಿಮ್ಮರ್ ಎಂಬುದು ಮಾತ್ರ ನಿಸರ್ಗದಲ್ಲಿಲ್ಲದ್ದು. ಅದು ಬಾಲದ ನಾದವನ್ನು ಸಾಮಾನ್ಯವಾಗಿ ಒಂದು ಸ್ಥಾಯಿ ಮೇಲಕ್ಕೆ ಏರಿಸಿ ಬೆರೆಸುತ್ತದೆ.

ಸಬೈನ್ ಹಾಕಿಕೊಟ್ಟ ಲೆಕ್ಕ

ಒಂದು ಜಾಗ ಎಷ್ಟು ಹೊತ್ತು ಅನುರಣಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ಸಿಗುವಂತೆ ಮಾಡಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೈನ್. ಪಾಠ ಸ್ಪಷ್ಟವಾಗಿ ಕೇಳಿಸದ ಒಂದು ಉಪನ್ಯಾಸ ಮಂದಿರವನ್ನು ಸರಿಪಡಿಸುವ ಕೆಲಸವನ್ನು 1895ರಲ್ಲಿ ಕೈಗೆತ್ತಿಕೊಂಡ ಅವರು, ರಾತ್ರಿಯ ನೀರವತೆಯಲ್ಲಿ ಆಸನದ ಮೆತ್ತೆಗಳನ್ನು ಒಳಗೆ ತಂದಿರಿಸಿ, ಸದ್ದು ಅಡಗುವ ಕಾಲವನ್ನು ಅಳೆದರು. ಅವರ ಸೂತ್ರದ ಪ್ರಕಾರ, ಘನ ಮೀಟರುಗಳಲ್ಲಿ ಹೇಳಿದ ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಅಲ್ಲಿನ ಗೋಡೆ, ನೆಲ, ವಸ್ತು, ಜನರೆಲ್ಲ ಸೇರಿ ಶಬ್ದವನ್ನು ಹೀರುವ ಪ್ರಮಾಣದಿಂದ ಭಾಗಿಸಿದರೆ ಅನುರಣನ ಕಾಲ ದೊರೆಯುತ್ತದೆ.

ಈ ಸೂತ್ರವನ್ನು ಎರಡು ಕಾಲ್ಪನಿಕ ಜಾಗಗಳಿಗೆ ಅನ್ವಯಿಸಿ ನೋಡಬಹುದು. ಮೊದಲನೆಯದು 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಬಾಡಿಗೆ ಕೋಣೆ. ಹಾಸಿಗೆ, ಬಟ್ಟೆ, ಪರದೆಗಳಿರುವ ಅಲ್ಲಿನ ಮೇಲ್ಮೈಗಳು ಸರಾಸರಿ ನೂರಕ್ಕೆ 20ರಷ್ಟು ಶಬ್ದವನ್ನು ಹೀರುತ್ತವೆ ಎಂದಿಟ್ಟುಕೊಂಡರೆ ಅನುರಣನ ಕಾಲ ಅರ್ಧ ಸೆಕೆಂಡನ್ನೂ ಮುಟ್ಟದು. ಎರಡನೆಯದು 20 ಮೀಟರ್ ಉದ್ದ, 10 ಮೀಟರ್ ಅಗಲ, 5 ಮೀಟರ್ ಎತ್ತರದ ಖಾಲಿ ಸಭಾಂಗಣ. ಗಾರೆ ಗೋಡೆ, ಟೈಲ್ಸ್ ನೆಲಗಳು ನೂರಕ್ಕೆ 5ರಷ್ಟು ಮಾತ್ರ ಹೀರಿದರೆ ಅನುರಣನ ಕಾಲ ಸುಮಾರು 4.6 ಸೆಕೆಂಡಿಗೆ ಏರುತ್ತದೆ. ಅದೇ ಸಭಾಂಗಣದಲ್ಲಿ 150 ಜನ ಬಂದು ಕುಳಿತು, ಒಬ್ಬೊಬ್ಬರೂ ಅರ್ಧ ಚದರ ಮೀಟರಿನಷ್ಟು ಶಬ್ದವನ್ನು ಹೀರಿದರೆ ಅದು ಸುಮಾರು 1.5 ಸೆಕೆಂಡಿಗೆ ಇಳಿಯುತ್ತದೆ.

ಗುಟ್ಟು ಇರುವುದು ಇಲ್ಲಿಯೇ. ಮಂದವಾದ ಕೋಣೆಯಲ್ಲಿ ಮೂರು ಸೆಕೆಂಡಿನ ಬಾಲ ಕಿವಿಗೆ ಹಿತವೆನಿಸುತ್ತದೆ, ಏಕೆಂದರೆ ಕೋಣೆಯದೇ ಆದ ಬಾಲ ಅಲ್ಲಿಲ್ಲ. ಸಭಾಂಗಣಕ್ಕೆ ತನ್ನದೇ ಬಾಲವಿದೆ. ಅದರ ಮೇಲೆ ಪೆಡಲಿನ ಬಾಲವೂ ಸೇರಿದರೆ ಒಂದು ಸ್ವರ ಅಡಗುವ ಮುನ್ನ ಮುಂದಿನದು ಬಂದು ಅದರ ಮೇಲೆ ಬೀಳುತ್ತದೆ.

ಬಯಲಾಟದಿಂದ ಕಲಿಯಬಹುದಾದದ್ದು

ಈ ಪಾಠ ಕರಾವಳಿಗೆ ಹೊಸತಲ್ಲ. ಯಕ್ಷಗಾನ ಬಯಲಾಟಕ್ಕೆ ಗೋಡೆಗಳಿಲ್ಲ. ಗದ್ದೆಯಲ್ಲಿ ಹೊರಟ ಭಾಗವತರ ಧ್ವನಿ ಮರಳಿ ಬರುವುದಿಲ್ಲ. ಆದ್ದರಿಂದ ಧ್ವನಿವರ್ಧಕದ ಯಂತ್ರದಲ್ಲಿ ತುಸು ಎಕೋ ಬೆರೆಸಿದರೆ ಪದ್ಯಕ್ಕೆ ಮೆರುಗು ಬರುತ್ತದೆ. ಅದೇ ಯಂತ್ರ, ಅದೇ ಪ್ರಮಾಣದಲ್ಲಿ, ಮುಚ್ಚಿದ ಸಭಾಭವನದ ಆಟಕ್ಕೆ ಬಂದಾಗ ಪದ್ಯದ ಅಕ್ಷರಗಳು ಕರಗಿ, ಚೆಂಡೆಯ ಪೆಟ್ಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜಾಗ ಬದಲಾದಾಗ ಗುಂಡಿ ತಿರುಗಿಸುವವನೇ ಬಲ್ಲವನು. ಗಿಟಾರಿಗೂ ಅನ್ವಯಿಸುವುದು ಇದೇ ನಿಯಮ.

ಆಯ್ಕೆಯಲ್ಲಿ ಗಮನಿಸಬೇಕಾದದ್ದು

ಪೆಡಲುಗಳ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ಅರ್ಧ ಲಕ್ಷ ದಾಟಿದವರೆಗೂ ಇದೆ. ದುಬಾರಿ ಪೆಡಲಿನಲ್ಲಿ ಹತ್ತಾರು ಬಗೆಯ ನಾದಗಳಿರುತ್ತವೆ. ಆದರೆ ಬಹುತೇಕ ವಾದಕರಿಗೆ ಎರಡು ಮೂರು ಬಗೆಗಳು ಧಾರಾಳ ಸಾಕು. ಬಗೆಗಳ ಸಂಖ್ಯೆಗಿಂತ ಗುಂಡಿಗಳು ಏನು ಮಾಡುತ್ತವೆ ಎಂಬುದು ಮುಖ್ಯ. ಡಿಕೇ ಎಂಬುದು ಬಾಲದ ಉದ್ದ. ಮಿಕ್ಸ್ ಎಂಬುದು ಮೂಲ ಸ್ವರಕ್ಕೆ ಬೆರೆಸುವ ಅನುರಣನದ ಪ್ರಮಾಣ. ಟೋನ್ ಎಂಬುದು ಬಾಲದ ಹೊಳಪು. ಪ್ರೀ-ಡಿಲೇ ಎಂಬುದು ಮೂಲ ಸ್ವರ ಹೊರಟ ಮೇಲೆ ಬಾಲ ಆರಂಭವಾಗುವವರೆಗಿನ ಬಿಡುವು. ಸೆಕೆಂಡಿನ ಸಾವಿರದಲ್ಲಿ 20ರಿಂದ 40 ಭಾಗಗಳಷ್ಟು ಬಿಡುವಿದ್ದರೂ ತಂತಿಯ ಮೊದಲ ಮೀಟು ಸ್ಪಷ್ಟವಾಗಿ ಉಳಿಯುತ್ತದೆ. ಸಭಾಂಗಣಗಳಲ್ಲಿ ನುಡಿಸುವವರು ಈ ಸೌಲಭ್ಯವಿರುವ ಪೆಡಲನ್ನು ಆರಿಸುವುದು ಲೇಸು.

ಸ್ವಿಚ್ ಆರಿಸಿದಾಗ ಬಾಲ ತಟ್ಟನೆ ಕತ್ತರಿಸಿಹೋಗುತ್ತದೆಯೋ ಅಥವಾ ಸಹಜವಾಗಿ ಅಡಗುತ್ತದೆಯೋ ಎಂಬುದನ್ನೂ ನೋಡಬೇಕು. ಪ್ರಾರ್ಥನಾ ಗೀತೆಗಳಂಥ ನಿಧಾನ ಸಂಗೀತದಲ್ಲಿ ತಟ್ಟನೆ ಬೀಳುವ ಮೌನ ಕಿವಿಗೆ ಚುಚ್ಚುತ್ತದೆ.

ಪರೀಕ್ಷೆಯ ಕ್ರಮ

ಅಂಗಡಿಗೆ ಹೋಗುವವರು ಸ್ವಂತ ಗಿಟಾರನ್ನೇ ಒಯ್ಯಬೇಕು. ಅಂತರ್ಜಾಲದ ಮೂಲಕ ತರಿಸುವವರು ಹಿಂತಿರುಗಿಸುವ ಅವಧಿಯನ್ನು ಮೊದಲೇ ಓದಿಕೊಂಡು, ಆ ದಿನಗಳೊಳಗೆ ಒಮ್ಮೆಯಾದರೂ ನಿಜವಾಗಿ ನುಡಿಸುವ ಜಾಗಕ್ಕೆ ಪೆಡಲನ್ನು ಕೊಂಡೊಯ್ಯಬೇಕು. ಅಲ್ಲಿ ಪೆಡಲ್ ಜೋಡಿಸುವ ಮುನ್ನ ಒಂದು ಚಪ್ಪಾಳೆ ತಟ್ಟಿ, ಸದ್ದು ಅಡಗುವವರೆಗೆ ಎಣಿಸಿದರೆ ಜಾಗದ ಸ್ವಭಾವ ತಿಳಿಯುತ್ತದೆ.

ಬಳಿಕ ಮಿಕ್ಸ್ ಗುಂಡಿಯನ್ನು ಸೊನ್ನೆಯಿಂದ ಆರಂಭಿಸಿ, ಅನುರಣನ ಕೇಳಿಸತೊಡಗುವವರೆಗೆ ಏರಿಸಿ, ಅಲ್ಲಿಂದ ತುಸು ಹಿಂದಕ್ಕೆ ತರಬೇಕು. ಒಂದೇ ಸ್ವರ, ಒಂದು ಪೂರ್ಣ ಕಾರ್ಡ್, ವೇಗದ ಲಯ ಈ ಮೂರನ್ನೂ ನುಡಿಸಿ ನೋಡಬೇಕು. ಸ್ವರ ಅಡಗಿದ ಮೇಲೆ ಉಳಿಯುವ ನಿಶ್ಶಬ್ದದಲ್ಲಿ ಸುಯ್ಯೆಂಬ ಸದ್ದಿದೆಯೇ ಎಂದು ಆಲಿಸಬೇಕು. ಡ್ರಮ್ಸ್, ಬಾಸ್‌ಗಳ ಜೊತೆ ನುಡಿಸುತ್ತಾ, ಸಭಾಂಗಣದ ಕೊನೆಯ ಸಾಲಿನಲ್ಲಿ ಮೊಬೈಲ್ ಇರಿಸಿ ಮುದ್ರಿಸಿಕೊಂಡರೆ ಪ್ರೇಕ್ಷಕರ ಕಿವಿಗೆ ಏನು ತಲುಪುತ್ತದೆ ಎಂಬುದು ತಿಳಿಯುತ್ತದೆ. ಜನ ತುಂಬಿದ ಮೇಲೆ ಅನುರಣನ ಇಳಿಯುವುದರಿಂದ ಅಂತಿಮ ಹೊಂದಾಣಿಕೆಯನ್ನು ಕಾರ್ಯಕ್ರಮದ ಹೊತ್ತಿಗೇ ಮಾಡಿಕೊಳ್ಳಬೇಕು.

ಪೆಡಲುಗಳ ಸಾಲಿನಲ್ಲಿ ರಿವರ್ಬಿನ ಜಾಗ ಸಾಮಾನ್ಯವಾಗಿ ಕೊನೆಯದು. ಡಿಸ್ಟಾರ್ಷನ್ ಪೆಡಲಿಗಿಂತ ಮೊದಲು ಅದನ್ನಿರಿಸಿದರೆ ಬಾಲವೂ ಒರಟಾಗಿ ಉಬ್ಬಿ ಮೂಲ ಸ್ವರವನ್ನು ನುಂಗುತ್ತದೆ.

ವಿದ್ಯುತ್ತು ಮತ್ತು ಮಳೆಗಾಲ

ಡಿಜಿಟಲ್ ರಿವರ್ಬ್ ಪೆಡಲುಗಳು ಹೆಚ್ಚು ವಿದ್ಯುತ್ ಬಯಸುತ್ತವೆ. ಕೆಲವಕ್ಕೆ 100 ಮಿಲಿಆಂಪಿಯರ್ ಸಾಕಾದರೆ ಕೆಲವಕ್ಕೆ 300 ಬೇಕು. 9 ವೋಲ್ಟಿನ ಬ್ಯಾಟರಿ ಇಂಥಲ್ಲಿ ಬೇಗ ಬರಿದಾಗುತ್ತದೆ. ಅಡಾಪ್ಟರಿನ ವೋಲ್ಟ್, ಧ್ರುವ ಎರಡೂ ಪೆಡಲಿನ ಮೇಲೆ ನಮೂದಿಸಿದಂತೆಯೇ ಇರಬೇಕು, ಮಿಲಿಆಂಪಿಯರ್ ನಮೂದಿಸಿದ್ದಕ್ಕಿಂತ ಕಡಿಮೆ ಇರಬಾರದು. ತಾತ್ಕಾಲಿಕ ವೇದಿಕೆಗಳಲ್ಲಿ ಗುಂಯ್ ಎಂಬ ಸದ್ದು ಬಂದಾಗ ಅರ್ಥಿಂಗ್ ಪಿನ್ ಕಿತ್ತುಹಾಕುವ ಅಭ್ಯಾಸವುಂಟು. ಇದು ಪ್ರಾಣಕ್ಕೇ ಕುತ್ತು. ಕೈ ಗಿಟಾರಿನ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವಾಗ ಅರ್ಥಿಂಗ್ ದೋಷವಿದ್ದರೆ ವಿದ್ಯುತ್ತು ದೇಹದ ಮೂಲಕವೇ ಹರಿಯುತ್ತದೆ.

ಉಡುಪಿಯ ಮಳೆಗಾಲದ ತೇವ ಜಾಕುಗಳಿಗೆ, ಸ್ವಿಚ್ಚುಗಳಿಗೆ ಕಿಲುಬು ಹಿಡಿಸುತ್ತದೆ. ಬಳಸದ ದಿನಗಳಲ್ಲಿ ಪೆಡಲನ್ನು ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇರಿಸಿದರೆ ಬಾಳಿಕೆ ಹೆಚ್ಚು.

ಅನುರಣನ ಸಾರಿಗೆ ಹಾಕುವ ಉಪ್ಪಿನ ಹಾಗೆ. ಇಲ್ಲದಿದ್ದರೆ ಸಪ್ಪೆ, ಹೆಚ್ಚಾದರೆ ಬಾಯಿಗಿಡಲಾಗದು. ಹಾಕುವ ಮುನ್ನ ಪಾತ್ರೆಯಲ್ಲಿ ಈಗಾಗಲೇ ಎಷ್ಟು ಉಪ್ಪಿದೆ ಎಂದು ಸವಿದು ನೋಡುವುದು ಜಾಣತನ. ಗಿಟಾರ್ ವಾದಕನಿಗೆ ಆ ಪಾತ್ರೆ ತಾನು ನುಡಿಸುವ ಸಭಾಂಗಣ. ಅದರ ರುಚಿಯನ್ನು ಒಂದು ಚಪ್ಪಾಳೆ ಹೇಳಿಬಿಡುತ್ತದೆ, ಅದಕ್ಕೆ ಖರ್ಚೂ ಇಲ್ಲ.