ಮುಗಿಲಿನಿಂದ ಕಂಡ ಸೇತುವೆ

ಲಂಕೆಯಿಂದ ಅಯೋಧ್ಯೆಗೆ ಮರಳುವಾಗ ಪುಷ್ಪಕ ವಿಮಾನದಲ್ಲಿ ಕುಳಿತ ಶ್ರೀರಾಮನು ಕೆಳಗಿನ ಕಡಲನ್ನೂ ಅದರ ಮೇಲೆ ಹಾಸಿದ ಸೇತುವೆಯನ್ನೂ ಸೀತೆಗೆ ತೋರಿಸಿದನೆಂದು ರಾಮಾಯಣ ಹೇಳುತ್ತದೆ. ಕಲ್ಲು ಹೊತ್ತವರು ನೆಲದ ಮೇಲೆ ನಿಂತು ಕಂಡ ಸೇತುವೆ ಬೇರೆ. ಮುಗಿಲಿನ ಎತ್ತರದಿಂದ ಒಂದೇ ನೋಟಕ್ಕೆ ದಕ್ಕಿದ ಸೇತುವೆ ಬೇರೆ. ಆ ಎರಡನೆಯ ನೋಟ ಪುರಾಣಕಾಲದಲ್ಲಿ ದೇವತೆಗಳಿಗೂ ಅವತಾರಪುರುಷರಿಗೂ ಮೀಸಲಾಗಿತ್ತು. ಈಗ ಅದು ಸಾಮಾನ್ಯ ಗೃಹಸ್ಥನ ಅಂಗೈಗೆ ಬಂದಿದೆ.

ರಾತ್ರಿಯ ಊಟ ಮುಗಿದ ಮೇಲೆ ತಾತ ಮೊಮ್ಮಕ್ಕಳಿಬ್ಬರೂ ಮೊಬೈಲಿನ ಪುಟ್ಟ ಪರದೆಯ ಮೇಲೆ ತಲೆ ಬಾಗಿಸಿ ಕುಳಿತಿರುವ ದೃಶ್ಯ ಇಂದು ಅಪರೂಪವಲ್ಲ. ಅವರು ನೋಡುತ್ತಿರುವುದು ಚಲನಚಿತ್ರವನ್ನಲ್ಲ, ಕ್ರಿಕೆಟ್ ಪಂದ್ಯವನ್ನೂ ಅಲ್ಲ. ಗುಜರಾತಿನ ಹೊಲಗಳ ನಡುವೆ ಸಾಲಾಗಿ ನಿಂತ ಕಾಂಕ್ರೀಟಿನ ಕಂಬಗಳನ್ನು! ಡ್ರೋನ್ ಎಂಬ ಪುಟ್ಟ ಹಾರುಯಂತ್ರ ಆ ಕಂಬಗಳ ಮೇಲೆ ನಿಧಾನವಾಗಿ ತೇಲುತ್ತ ಹೋಗುತ್ತದೆ. “ಹೋದ ತಿಂಗಳು ಈ ಹೊಳೆಯ ಮೇಲೆ ತೊಲೆ ಇರಲಿಲ್ಲ, ತಾತ” ಎಂದು ಮೊಮ್ಮಗ ಗುರುತು ಹಿಡಿಯುತ್ತಾನೆ. ಧಾರಾವಾಹಿಯ ಮುಂದಿನ ಕಂತಿಗಾಗಿ ಕಾಯುವಂತೆಯೇ ಈ ರೈಲುಮಾರ್ಗದ ಮುಂದಿನ ಕಂತಿಗಾಗಿ ಕಾಯುವವರ ಒಂದು ಬಳಗವೇ ಹುಟ್ಟಿಕೊಂಡಿದೆ.

ಐನೂರೆಂಟು ಕಿಲೋಮೀಟರಿನ ಹಾದಿ

ಆ ಕಂಬಗಳು ಹೊರಲಿರುವುದು ಮುಂಬಯಿ–ಅಹಮದಾಬಾದ್ ಅತಿವೇಗದ ರೈಲನ್ನು. ಜನರ ಬಾಯಲ್ಲಿ ಅದು ‘ಬುಲೆಟ್ ರೈಲು’. 2017ರ ಸೆಪ್ಟೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಮತ್ತು ಜಪಾನಿನ ಅಂದಿನ ಪ್ರಧಾನಿ ಶಿಂಜೊ ಅಬೆ ಇದಕ್ಕೆ ಅಹಮದಾಬಾದಿನಲ್ಲಿ ಶಂಕುಸ್ಥಾಪನೆ ಮಾಡಿದರು. ಮಾರ್ಗದ ಉದ್ದ 508 ಕಿಲೋಮೀಟರು. ಅದರಲ್ಲಿ 348 ಕಿ.ಮೀ. ಗುಜರಾತಿಗೂ, 156 ಕಿ.ಮೀ. ಮಹಾರಾಷ್ಟ್ರಕ್ಕೂ, ಉಳಿದ 4 ಕಿ.ಮೀ. ದಾದ್ರಾ ಮತ್ತು ನಗರ ಹವೇಲಿಗೂ ಸೇರಿದೆ. ಮುಂಬಯಿಯ ಬಾಂದ್ರಾ–ಕುರ್ಲಾ ಸಂಕೀರ್ಣದಿಂದ ಹೊರಟು ಠಾಣೆ, ವಿರಾರ್, ಬೋಯಿಸರ್, ವಾಪಿ, ಬಿಲಿಮೋರಾ, ಸೂರತ್, ಭರೂಚ್, ವಡೋದರಾ, ಆಣಂದ್, ಅಹಮದಾಬಾದ್‌ಗಳನ್ನು ಹಾದು ಸಾಬರಮತಿಯಲ್ಲಿ ಕೊನೆಗೊಳ್ಳುವ ಈ ಹಾದಿಯಲ್ಲಿ ಒಟ್ಟು 12 ನಿಲ್ದಾಣಗಳು. ಗಂಟೆಗೆ 320 ಕಿ.ಮೀ. ವೇಗದಲ್ಲಿ ಓಡಿ, ಕೆಲವೇ ನಿಲ್ದಾಣಗಳಲ್ಲಿ ನಿಲ್ಲುವ ರೈಲು ಸುಮಾರು ಎರಡು ಗಂಟೆಗಳಲ್ಲಿ ಈ ದೂರವನ್ನು ಕ್ರಮಿಸಬೇಕೆಂಬುದು ಯೋಜನೆ.

ಆರಂಭದ ಅಂದಾಜಿನಂತೆ ವೆಚ್ಚ ಸುಮಾರು 1,08,000 ಕೋಟಿ ರೂಪಾಯಿ. ಇದರ ಶೇಕಡ 81ರಷ್ಟನ್ನು ಜಪಾನ್ ಶೇಕಡ 0.1ರ ಬಡ್ಡಿಗೆ, 50 ವರ್ಷಗಳ ಅವಧಿಗೆ ಸಾಲವಾಗಿ ಕೊಡಲು ಒಪ್ಪಿತು. ಬಡ್ಡಿ ಎಷ್ಟೇ ಕಡಿಮೆಯಾದರೂ ಸಾಲ ಸಾಲವೇ. ಅದನ್ನು ತೀರಿಸಬೇಕಾದವರಲ್ಲಿ ಇಂದು ಶಾಲೆಯಲ್ಲಿ ಕುಳಿತಿರುವ ಮಕ್ಕಳೂ ಸೇರಿದ್ದಾರೆ. ಹಾಗಿರುವಾಗ ಕೆಲಸ ಎಲ್ಲಿಯವರೆಗೆ ಬಂತೆಂದು ಆ ಮಕ್ಕಳೂ ಅವರ ಹಿರಿಯರೂ ಇಣುಕಿ ನೋಡುವುದು ಬರಿಯ ಕುತೂಹಲವಲ್ಲ. ಅದು ಅವರ ಹಕ್ಕು.

ಹಾರುವ ಕಣ್ಣು

ಈ ಮಾರ್ಗದ ಕಥೆ ಆರಂಭವಾದದ್ದೇ ಆಕಾಶದಿಂದ ಎನ್ನಬಹುದು. ಹಿಂದಿನ ಕ್ರಮದಂತೆ ಭೂಮಾಪಕರು ಸರಪಳಿ, ದುರ್ಬೀನುಗಳನ್ನು ಹೊತ್ತು ಹೊಲಗದ್ದೆಗಳಲ್ಲಿ ನಡೆದು ಹಾದಿಯನ್ನು ಅಳೆದಿದ್ದರೆ ಹತ್ತು–ಹನ್ನೆರಡು ತಿಂಗಳುಗಳೇ ಬೇಕಾಗುತ್ತಿದ್ದವು. ಅದರ ಬದಲು ವಿಮಾನದಲ್ಲಿ ‘ಲೈಡಾರ್’ ಎಂಬ ಉಪಕರಣವನ್ನಿಟ್ಟು, ಲೇಸರ್ ಕಿರಣಗಳನ್ನು ನೆಲಕ್ಕೆ ಬಿಟ್ಟು, ಅವು ಮರಳಿ ಬರಲು ಹಿಡಿದ ಕಾಲದಿಂದ ನೆಲದ ಏರುತಗ್ಗುಗಳನ್ನು ಲೆಕ್ಕ ಹಾಕಿದರು. ಆ ಕೆಲಸ ಹನ್ನೆರಡು ವಾರಗಳಲ್ಲಿ ಮುಗಿಯಿತು.

ಕೆಲಸ ಮೊದಲಾದ ಮೇಲೆ ವಿಮಾನದ ಜಾಗಕ್ಕೆ ಡ್ರೋನ್ ಬಂದಿತು. ನಾಲ್ಕು ಪುಟ್ಟ ರೆಕ್ಕೆಗಳು ಗಿರ್ರನೆ ಸುತ್ತುವ ಈ ಯಂತ್ರದ ಹೊಟ್ಟೆಯ ಕೆಳಗೆ ಕ್ಯಾಮೆರಾ ಇರುತ್ತದೆ. ಗಾಳಿ ಯಂತ್ರವನ್ನು ಎಷ್ಟೇ ಅಲುಗಿಸಿದರೂ ಕ್ಯಾಮೆರಾ ಅಲುಗದಂತೆ ಅದನ್ನು ತೊಟ್ಟಿಲಿನಂಥ ಒಂದು ಜೋಡಣೆ ಹಿಡಿದಿರುತ್ತದೆ. ಉಪಗ್ರಹಗಳ ಸಂಕೇತದಿಂದ ತಾನು ಎಲ್ಲಿರುವೆನೆಂದು ಅದು ಅರಿಯಬಲ್ಲದು; ಆದ್ದರಿಂದ ಕಳೆದ ತಿಂಗಳು ಹಾರಿದ ದಾರಿಯಲ್ಲೇ, ಅದೇ ಎತ್ತರದಲ್ಲಿ, ಈ ತಿಂಗಳೂ ಹಾರಬಲ್ಲದು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕೆಲಸದ ಲೆಕ್ಕ ತಾನಾಗಿ ಕಾಣುತ್ತದೆ. ಒಂದರ ಮೇಲೊಂದು ಅಂಚು ಬೀಳುವಂತೆ ನೂರಾರು ಚಿತ್ರಗಳನ್ನು ತೆಗೆದು ಗಣಕಯಂತ್ರಕ್ಕೆ ಒಪ್ಪಿಸಿದರೆ, ಅದು ಅವುಗಳನ್ನು ಹೊಲಿದು ಉದ್ದ, ಅಗಲ, ಎತ್ತರಗಳುಳ್ಳ ಮಾದರಿಯನ್ನೇ ಸಿದ್ಧಪಡಿಸುತ್ತದೆ. ಅಗೆದ ಮಣ್ಣು ಎಷ್ಟು ಘನ ಮೀಟರು ಎಂಬುದನ್ನು ಅದರಿಂದ ಅಳೆಯಬಹುದು.

ಇಂಥ ಚಿತ್ರಗಳನ್ನು ಯೋಜನೆಯ ಅಧಿಕಾರಿಗಳು ತೆಗೆಯಿಸುತ್ತಾರೆ. ಅವಲ್ಲದೆ ರೈಲಿನ ಹುಚ್ಚು ಹಿಡಿದ ಖಾಸಗಿ ಉತ್ಸಾಹಿಗಳೂ ತೆಗೆದು ಯೂಟ್ಯೂಬಿನಲ್ಲಿ ಹಾಕುತ್ತಾರೆ. ಆದರೆ ಆಕಾಶವೇನೂ ಒಡೆಯನಿಲ್ಲದ ಬಯಲಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂಬ ಮೂರು ವಲಯಗಳಾಗಿ ವಿಂಗಡಿಸಲಾಗಿದೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಪ್ರತ್ಯೇಕ ಅನುಮತಿ ಬೇಡ. ಹಳದಿಯಲ್ಲಿ ವಾಯುಸಂಚಾರ ನಿಯಂತ್ರಕರ ಒಪ್ಪಿಗೆ ಬೇಕು. ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಪ್ರವೇಶವಿಲ್ಲ.

ಇನ್ನೂರು ಆನೆಗಳ ಭಾರ

ಡ್ರೋನ್ ತೋರಿಸುವ ಕೌತುಕಗಳಲ್ಲಿ ಮೊದಲನೆಯದು ತೊಲೆ ಏರಿಸುವ ಕೆಲಸ. ಈ ಮಾರ್ಗದ ಬಹುಭಾಗ ನೆಲದ ಮೇಲೆ ಸಾಗುವುದಿಲ್ಲ. ಕಂಬಗಳ ಮೇಲಿನ ಸೇತುವೆಯಾಗಿಯೇ ಹರಿಯುತ್ತದೆ. ದನಕರು, ಎತ್ತಿನ ಗಾಡಿ, ಮಳೆಯ ನೀರು ಯಾವುದೂ ಅಡ್ಡ ಬಾರದಿರಲೆಂದು ಈ ಏರ್ಪಾಡು. ಎರಡು ಕಂಬಗಳ ನಡುವೆ ಕೂರಿಸುವ ಪೆಟ್ಟಿಗೆಯಾಕಾರದ ಒಂದು ತೊಲೆಯ ಉದ್ದ 40 ಮೀಟರು, ತೂಕ 970 ಟನ್ನು. ಐದು ಟನ್ನಿನ ಆನೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು ಇನ್ನೂರು ಆನೆಗಳ ಭಾರ!

ಇಷ್ಟು ಭಾರದ ವಸ್ತುವನ್ನು ಹೊಳೆಯ ಮಧ್ಯದಲ್ಲಿ ಎರಕ ಹೊಯ್ಯುವುದಿಲ್ಲ. ಮಾರ್ಗದ ಪಕ್ಕದ ವಿಶಾಲವಾದ ಅಂಗಳಗಳಲ್ಲಿ, ಉಕ್ಕಿನ ಅಚ್ಚುಗಳೊಳಗೆ ಇಡೀ ತೊಲೆಯನ್ನು ಒಂದೇ ಬಾರಿಗೆ ಎರಕ ಹೊಯ್ದು ಗಟ್ಟಿಯಾಗಲು ಬಿಡುತ್ತಾರೆ. ಆ ಮೇಲೆ ದೈತ್ಯಾಕಾರದ ಯಂತ್ರವೊಂದು ಅದನ್ನು ಎತ್ತಿ, ಹತ್ತಾರು ಚಕ್ರಗಳ ಮತ್ತೊಂದು ವಾಹನದ ಮೇಲಿಡುತ್ತದೆ. ಆಗಲೇ ಕಟ್ಟಿ ಮುಗಿದ ಸೇತುವೆಯ ಬೆನ್ನ ಮೇಲೆಯೇ ಆ ವಾಹನ ಆಮೆಯ ನಡಿಗೆಯಲ್ಲಿ ತುದಿಯವರೆಗೆ ಸಾಗುತ್ತದೆ. ಅಲ್ಲಿ ಕಾದು ನಿಂತ ಮೂರನೆಯ ಯಂತ್ರ ತೊಲೆಯನ್ನು ಹಿಡಿದು ಮುಂದೆ ಚಾಚಿ ಮುಂದಿನ ಕಂಬದ ಮೇಲೆ ಇಳಿಸುತ್ತದೆ. ಸೇತುವೆ ತನ್ನ ಬೆನ್ನ ಮೇಲೆ ತಾನೇ ತೊಲೆ ಹೊತ್ತು ತನ್ನನ್ನು ತಾನೇ ಬೆಳೆಸಿಕೊಳ್ಳುವಂತೆ ಮೇಲಿನಿಂದ ತೋರುತ್ತದೆ. ತುಂಡುತುಂಡಾಗಿ ಜೋಡಿಸುವ ಕ್ರಮಕ್ಕಿಂತ ಇದು ಹತ್ತು ಪಟ್ಟು ವೇಗದ್ದೆಂದು ತಜ್ಞರು ಹೇಳುತ್ತಾರೆ.

ಈ ಕ್ರಮದ ಫಲ ಅಂಕೆಗಳಲ್ಲಿ ಕಾಣುತ್ತದೆ. 2023ರ ನವೆಂಬರ್ ವೇಳೆಗೆ 100 ಕಿ.ಮೀ. ಸೇತುವೆ ಸಿದ್ಧವಾಗಿತ್ತು, 2025ರ ಮೇ ತಿಂಗಳಲ್ಲಿ ಅದು 300 ಕಿ.ಮೀ. ಮುಟ್ಟಿತು. ಅಷ್ಟರಲ್ಲಿ ವಲ್ಸಾಡ್ ಜಿಲ್ಲೆಯ ಪಾರ್ ಮತ್ತು ಔರಂಗಾ, ನವಸಾರಿ ಜಿಲ್ಲೆಯ ಪೂರ್ಣಾ, ಮಿಂಢೋಲಾ, ಅಂಬಿಕಾ ನದಿಗಳ ಮೇಲೆ ಸೇತುವೆಗಳು ಎದ್ದಿದ್ದವು. ವಲ್ಸಾಡಿನ ಝರೋಲಿ ಗ್ರಾಮದ ಬಳಿ 350 ಮೀಟರಿನ ಗುಡ್ಡದ ಸುರಂಗವನ್ನು 2023ರಲ್ಲಿ ಹತ್ತು ತಿಂಗಳ ಅವಧಿಯಲ್ಲಿ ಕೊರೆದು ಮುಗಿಸಿದರು.

ಆದರೂ ಹೊತ್ತಿಗೆ ಸರಿಯಾಗಿ ಎಲ್ಲವೂ ನಡೆಯಲಿಲ್ಲ. 2022–23ರ ಸುಮಾರಿಗೆ ರೈಲು ಓಡಬೇಕೆಂಬುದು ಮೊದಲಿನ ಸಂಕಲ್ಪ. ಸೂರತ್–ಬಿಲಿಮೋರಾ ಭಾಗದಲ್ಲಿ 2027ರಲ್ಲಿ ಮೊದಲ ರೈಲು ಓಡುವುದೆಂದು ರೈಲ್ವೆ ಸಚಿವರು 2025ರಲ್ಲಿ ಹೇಳಿದರು. ವರ್ಷಗಟ್ಟಲೆ ತಡವೇಕೆ ಎಂಬ ಪ್ರಶ್ನೆಗೆ ಉತ್ತರವೂ ಒಂದರ್ಥದಲ್ಲಿ ಡ್ರೋನಿನ ಚಿತ್ರಗಳಲ್ಲಿಯೇ ಇತ್ತು. ಗುಜರಾತಿನ ಕಡೆ ಕಂಬಗಳು ಸಾಲುಗಟ್ಟಿ ನಿಂತಾಗಲೂ ಮಹಾರಾಷ್ಟ್ರದ ಕಡೆ ಬಹುಕಾಲ ಹಸಿರು ಹೊಲಗಳೇ ಕಾಣುತ್ತಿದ್ದವು. ನೆಲ ಇನ್ನೂ ಕೈಗೆ ಬಂದಿರಲಿಲ್ಲ. ಇಡೀ ಯೋಜನೆಗೆ ಬೇಕಾದ ಸುಮಾರು 1,390 ಹೆಕ್ಟೇರು ಭೂಮಿ ಪೂರ್ತಿಯಾಗಿ ದೊರೆತದ್ದು 2024ರ ಜನವರಿಯಲ್ಲಿ.

ಕಣ್ಣಿಗೆ ಕಾಣದ್ದು

ಇಲ್ಲಿಗೆ ಡ್ರೋನಿನ ಹೊಗಳಿಕೆ ಸಾಕು. ಎತ್ತರಕ್ಕೆ ಏರಿದ ಕಣ್ಣಿಗೆ ವಿಸ್ತಾರ ದಕ್ಕುತ್ತದೆ, ಮುಖಗಳು ದಕ್ಕುವುದಿಲ್ಲ.

ಮೇಲಿನಿಂದ ನೋಡಿದರೆ ತೋಟವೊಂದು ಹಸಿರು ಚೌಕ ಮಾತ್ರ. ಪಾಲಘರ್ ಜಿಲ್ಲೆಯಲ್ಲಿ ಅಂಥ ಚೌಕಗಳು ಚಿಕ್ಕು ಮತ್ತು ಮಾವಿನ ತೋಟಗಳು. ತಲೆಮಾರುಗಳಿಂದ ಮರ ಸಾಕಿದ ರೈತರೂ ಆದಿವಾಸಿಗಳೂ ಅಲ್ಲಿ ವರ್ಷಗಟ್ಟಲೆ ವಿರೋಧಿಸಿದರು. ಪರಿಹಾರ ಸಾಲದೆಂದು ಗುಜರಾತಿನ ನೂರಕ್ಕೂ ಹೆಚ್ಚು ರೈತರು ಉಚ್ಚ ನ್ಯಾಯಾಲಯದ ಮೊರೆ ಹೊಕ್ಕರು. 2019ರ ಸೆಪ್ಟೆಂಬರಿನಲ್ಲಿ ಅವರ ಅರ್ಜಿಗಳು ವಜಾ ಆದವು. ಮುಂಬಯಿ ಸುತ್ತಿನ ಖಾರಿಗಳಲ್ಲಿ ಕಾಂಡ್ಲಾ ಗಿಡಗಳ ಪ್ರಶ್ನೆ ಎದ್ದಿತು. ಮೊದಲು ಐವತ್ತು ಸಾವಿರಕ್ಕೂ ಹೆಚ್ಚು ಗಿಡಗಳನ್ನು ಕಡಿಯಬೇಕಾಗಿತ್ತು. ನಿಲ್ದಾಣಗಳ ವಿನ್ಯಾಸವನ್ನು ಬದಲಿಸಿದ್ದರಿಂದ ಆ ಸಂಖ್ಯೆ ಸುಮಾರು 22,000ಕ್ಕೆ ಇಳಿಯಿತು. ಮುಂಬಯಿ ಉಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಕಡಿದುದಕ್ಕಿಂತ ಹೆಚ್ಚು ಸಸಿಗಳನ್ನು ಬೇರೆಡೆ ನೆಡುವ ಮಾತೂ ಆಯಿತು. ಆದರೆ ನೆಟ್ಟ ಸಸಿ ಕಾಡಾಗಲು ಬೇಕಾದ ವರ್ಷಗಳನ್ನು ಯಾವ ಯಂತ್ರವೂ ಮುಂದಕ್ಕೆ ಓಡಿಸಲಾರದು.

ನೆಲದೊಳಗಿನ ಕೆಲಸವೂ ಡ್ರೋನಿಗೆ ಅಗೋಚರ. ಬಾಂದ್ರಾ–ಕುರ್ಲಾದಿಂದ ಶಿಲ್‌ಫಾಟಾದವರೆಗೆ ರೈಲು 21 ಕಿ.ಮೀ. ಸುರಂಗದಲ್ಲಿ ಹೋಗಲಿದೆ, ಅದರಲ್ಲಿ 7 ಕಿ.ಮೀ. ಠಾಣೆ ಖಾರಿಯ ಕಡಲತಳದ ಕೆಳಗೆ. ಮೇಲೆ ಚಳಿಗಾಲದಲ್ಲಿ ಗುಲಾಬಿ ಬಣ್ಣದ ಫ್ಲೆಮಿಂಗೊ ಹಕ್ಕಿಗಳು ಸಾವಿರ ಸಾವಿರವಾಗಿ ಬಂದಿಳಿಯುವ ಪಕ್ಷಿಧಾಮವಿದೆ. ಕಡಲತಳದ ಕೆಳಗಿನ ದಾರಿಯಿಂದಾಗಿ ಆ ಕೆಸರುನೆಲದಲ್ಲಿ ಕಂಬಗಳನ್ನು ನೆಡುವ ಪ್ರಸಂಗ ತಪ್ಪಿತು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ 34 ಕಿ.ಮೀ. ದೂರದ ಇದೇ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಉಗಿಬಂಡಿ ಹೊರಟಿತ್ತು.

ಎಲ್ಲಕ್ಕಿಂತ ಮುಖ್ಯವಾಗಿ, ದುಡಿಯುವ ಮನುಷ್ಯ ಈ ಚಿತ್ರಗಳಲ್ಲಿ ಹಳದಿ ಶಿರಸ್ತ್ರಾಣದ ಒಂದು ಚುಕ್ಕೆ ಮಾತ್ರ. 2024ರ ನವೆಂಬರ್ 5ರಂದು ಆಣಂದ್ ಜಿಲ್ಲೆಯ ವಾಸದ್ ಬಳಿ, ಮಹೀ ನದಿಯ ದಡದ ಕಾಮಗಾರಿಯಲ್ಲಿ ಕಾಂಕ್ರೀಟಿನ ಭಾರಿ ತುಂಡುಗಳು ಕುಸಿದು ಮೂವರು ಕಾರ್ಮಿಕರು ಪ್ರಾಣ ಬಿಟ್ಟರು. ಮುಂದಿನ ತಿಂಗಳ ಚಿತ್ರಗಳಲ್ಲಿ ಮಹೀ ನದಿ ಎಂದಿನಂತೆ ಹರಿಯಿತು. ಮೂರು ಮನೆಗಳಲ್ಲಿ ಮಾತ್ರ ದುಡಿದು ತರುವವರು ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೋರ್ ಘಾಟಿನ ರೈಲುಹಾದಿ ಕಟ್ಟಿದಾಗ ಕಾಲರಾ, ಜ್ವರ, ಅಪಘಾತಗಳಿಗೆ ಸಾವಿರಾರು ಕೂಲಿಗಳು ಬಲಿಯಾದರು. 1863ರಲ್ಲಿ ಆ ಹಾದಿ ತೆರೆದಾಗ ಅವರ ಹೆಸರುಗಳನ್ನು ಓದಿ ಹೇಳಿದವರಿಲ್ಲ.

ಟೋಕಿಯೋದ ಒಂದು ಪ್ರಸಂಗ

ಅತಿವೇಗದ ರೈಲಿನ ತವರಾದ ಜಪಾನಿನಲ್ಲಿಯೂ ಇಂಥದೇ ಒಂದು ಮರೆವು ನಡೆಯಿತು. ಟೋಕಿಯೋ–ಒಸಾಕಾ ನಡುವಿನ 515 ಕಿ.ಮೀ. ಮಾರ್ಗ ಉದ್ದದಲ್ಲಿ ನಮ್ಮ ಈ ಮಾರ್ಗದ ಸಹೋದರನಂತಿದೆ. 1959ರಲ್ಲಿ ಕೆಲಸ ಆರಂಭವಾಗಿ, ಒಲಿಂಪಿಕ್ ಕ್ರೀಡೆಗಳ ಹೊತ್ತಿಗೆ, 1964ರ ಅಕ್ಟೋಬರ್ 1ರಂದು ಅದು ತೆರೆಯಿತು. ಅದರ ಹಿಂದಿನ ಛಲ ರೈಲ್ವೆಯ ಅಧ್ಯಕ್ಷ ಶಿಂಜಿ ಸೋಗೊ ಅವರದು. ಬುದ್ಧಿ ಮುಖ್ಯ ಇಂಜಿನಿಯರ್ ಹಿಡಿಯೊ ಶಿಮಾ ಅವರದು. ವೆಚ್ಚ ಅಂದಾಜಿನ ಎರಡು ಪಟ್ಟಿನ ಹತ್ತಿರಕ್ಕೆ ಏರಿದ್ದರಿಂದ ಇಬ್ಬರೂ 1963ರಲ್ಲಿ ಹುದ್ದೆ ಬಿಡಬೇಕಾಯಿತು. ಉದ್ಘಾಟನೆಯ ಸಮಾರಂಭಕ್ಕೆ ಅವರಿಗೆ ಆಹ್ವಾನ ಬರಲಿಲ್ಲ. ತಾನು ರೂಪಿಸಿದ ರೈಲು ಮೊದಲ ಬಾರಿಗೆ ಹೊರಟದ್ದನ್ನು ಶಿಮಾ ಮನೆಯಲ್ಲಿ ಕುಳಿತು ಟೆಲಿವಿಷನ್ ಪರದೆಯ ಮೇಲೆ ನೋಡಿದರು.

ಪರದೆ ಯಾರಿಗೆ ಏನನ್ನು ತೋರಿಸುವುದೆಂದು ಹೇಳಲಾಗದು. ಮೊಮ್ಮಗನಿಗೆ ಅದು ಆಟಿಕೆ. ಇಂಜಿನಿಯರನಿಗೆ ಅಳತೆಯ ಕೋಲು. ತೋಟ ಕಳೆದುಕೊಂಡವನಿಗೆ ಕಳೆದುಹೋದ ಎಲ್ಲೆಯ ಗುರುತು. ಬಿಹಾರದಲ್ಲೋ ಝಾರ್ಖಂಡಿನಲ್ಲೋ ಕಾದಿರುವ ಒಬ್ಬ ತಾಯಿಗೆ, ಆ ಚುಕ್ಕೆಗಳಲ್ಲಿ ತನ್ನ ಮಗ ಯಾವುದೆಂಬ ಹುಡುಕಾಟ.

ಈ ಮಾತು ಕನ್ನಡ ನಾಡಿಗೆ ದೂರದ್ದೇನೂ ಅಲ್ಲ. ಮುಂದಿನ ಅತಿವೇಗದ ಮಾರ್ಗಗಳಿಗಾಗಿ ಯೋಜನಾ ವರದಿ ಸಿದ್ಧಪಡಿಸಲು ಆರಿಸಿದ ಹಾದಿಗಳಲ್ಲಿ ಚೆನ್ನೈ–ಬೆಂಗಳೂರು–ಮೈಸೂರು ಹಾದಿಯೂ ಇತ್ತು. ಅಂಥ ಮಾರ್ಗ ಬಂದ ದಿನ, ಡ್ರೋನ್ ಹಾರುವುದು ಮಂಡ್ಯದ ಕಬ್ಬಿನ ಗದ್ದೆಗಳ ಮೇಲೆ. ಆಗ ಪರದೆಯ ಮೇಲೆ ಕಾಣುವ ಹಸಿರು ಚೌಕ ಯಾರದೋ ಊರಿನದಾಗಿರುವುದಿಲ್ಲ. ಅತ್ತೆಯ ಮನೆಯ ಗದ್ದೆಯೋ ಸೋದರಮಾವನ ತೆಂಗಿನ ತೋಟವೋ ಆಗಿರಬಹುದು. ದೂರದ ಚೌಕಗಳನ್ನು ಇಂದು ನೋಡುವ ಕಣ್ಣಿಗೆ ಆ ನೆನಪಿದ್ದರೆ ಒಳ್ಳೆಯದು.

ಪುಷ್ಪಕ ವಿಮಾನದ ಕಥೆಯಲ್ಲಿ ಗಮನಿಸಬೇಕಾದ ಮಾತೊಂದಿದೆ. ಅಷ್ಟು ಎತ್ತರದಿಂದ ಸೇತುವೆಯನ್ನು ತೋರಿಸಿದ ಶ್ರೀರಾಮನು, ಅದನ್ನು ಕಟ್ಟಿದವನ ಹೆಸರನ್ನು ಮರೆಯಲಿಲ್ಲ. ಇದು ನಳನ ಸೇತುವೆ ಎಂದೇ ಸೀತೆಗೆ ಹೇಳಿದನು.