ಹೆದ್ದಾರಿ ಅಪಘಾತ: ಕಂಡದ್ದನ್ನು ಪೊಲೀಸರಿಗೆ ಹೇಳಬೇಕೆ?

ರಸ್ತೆ ಅಪಘಾತ ಕಂಡವರು ಪೊಲೀಸರಿಗೆ ಹೇಳಿಕೆ ಕೊಡಲೇಬೇಕೆ ಎಂಬುದಕ್ಕೆ ಕಾನೂನಿನಲ್ಲಿ ಎಲ್ಲರಿಗೂ ಒಂದೇ ಉತ್ತರವಿಲ್ಲ. ಗಾಯಾಳುವನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವರಿಗೆ ಒಂದು ನಿಯಮ, ಬದಿಯ ಅಂಗಡಿಯಲ್ಲಿ ನಿಂತು ನೋಡಿದವರಿಗೆ ಇನ್ನೊಂದು. ಬ್ರಹ್ಮಾವರ, ಕೋಟ, ಕುಂದಾಪುರ, ಮರವಂತೆ, ಬೈಂದೂರು ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಆಸುಪಾಸಿನವರಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಒಳ್ಳೆಯದು.

ನೆರವಾದವರನ್ನು ರಕ್ಷಿಸುವ ಕೇಂದ್ರದ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. ಅದೇ ವರ್ಷ ಕರ್ನಾಟಕ ತನ್ನದೇ ಮಸೂದೆ ತಂದಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಸೆಕ್ಷನ್ ಸೇರಿತು, ನಿಯಮಗಳು 2020ರಲ್ಲಿ ಬಂದವು. ಇವುಗಳ ಪ್ರಕಾರ ಗಾಯಾಳುವನ್ನು ಸೇರಿಸಿದವರು ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು ಅವರ ಇಚ್ಛೆ. ಒಪ್ಪಿದರೆ ಅವರಿಗೆ ಅನುಕೂಲವಾದ ಹೊತ್ತಿನಲ್ಲಿ, ಮನೆಗೋ ಕೆಲಸದ ಜಾಗಕ್ಕೋ ಮಫ್ತಿಯಲ್ಲಿ ಬಂದು ಹೇಳಿಕೆ ಪಡೆಯಬೇಕು. ಪದೇ ಪದೇ ಠಾಣೆಗೆ ಕರೆಸುವ ಹಾಗಿಲ್ಲ.

ಬರೀ ನೋಡಿದವರಿಗೆ ಇಷ್ಟು ಸ್ವಾತಂತ್ರ್ಯವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಅಡಿ ತನಿಖಾಧಿಕಾರಿ ಲಿಖಿತ ಆದೇಶ ಕೊಟ್ಟರೆ ಹಾಜರಾಗಬೇಕು. ಆ ಅಧಿಕಾರ ತನ್ನ ಠಾಣೆ ಮತ್ತು ಅಕ್ಕಪಕ್ಕದ ಠಾಣೆಗಳ ಸರಹದ್ದಿಗೆ ಮಾತ್ರ. ಮಹಿಳೆಯರು, 15 ವರ್ಷದೊಳಗಿನ ಹುಡುಗರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರು ಠಾಣೆಗೆ ಹೋಗಬೇಕಿಲ್ಲ, ವಿಚಾರಿಸುವುದಿದ್ದರೆ ಮನೆಯಲ್ಲೇ. ಕೇಳಿದ್ದಕ್ಕೆ ನಿಜ ಹೇಳಬೇಕು, ಆದರೆ ತನ್ನನ್ನೇ ಆರೋಪಿಯಾಗಿಸುವಂಥ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ. ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯುವಂತಿಲ್ಲ ಎಂದು 181ನೇ ಸೆಕ್ಷನ್ ಹೇಳುತ್ತದೆ. ಇದು ಬಹಳ ಜನಕ್ಕೆ ತಿಳಿಯದು. ಸ್ಥಳ ಪಂಚನಾಮೆಯ ಸಹಿ ಬೇರೆ ಸಂಗತಿ.

‘ಊರ ಉಸಾಬರಿ ನಮಗ್ಯಾಕೆ, ಕೋರ್ಟಿಗೆ ಅಲೆಯುವವರು ಯಾರು’ ಎಂಬ ಹಿಂಜರಿಕೆ ಪೂರ್ತಿ ಸುಳ್ಳಲ್ಲ. ಪೊಲೀಸರ ಮುಂದಿನ ಹೇಳಿಕೆ ತಾನಾಗಿ ಸಾಕ್ಷ್ಯವಾಗುವುದಿಲ್ಲ. ಸಮನ್ಸ್ ಬಂದರೆ ನ್ಯಾಯಾಲಯದಲ್ಲೂ ಹೇಳಬೇಕು. ವಿಡಿಯೊ ಮೂಲಕ ಸಾಕ್ಷ್ಯ ನುಡಿಯಲು ಹೊಸ ಸಂಹಿತೆ ದಾರಿ ತೆರೆದಿದೆ, ಆದರೆ ಅದನ್ನೇ ನೆಚ್ಚಿ ಕೂರುವಂತಿಲ್ಲ.

ಇನ್ನೊಂದು ಕಡೆ ಇರುವುದು ಗಾಯಾಳುವಿನ ಮನೆಯವರ ನಷ್ಟ. ಗುದ್ದಿ ಪರಾರಿಯಾದ ವಾಹನ ಯಾವುದೆಂದು ಗೊತ್ತಾಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಡಿ ಸಿಗುವುದು ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ವಾಹನ ಪತ್ತೆಯಾದರೆ ದುಡಿಮೆ, ವಯಸ್ಸು, ಅವಲಂಬಿತರನ್ನು ಲೆಕ್ಕ ಹಾಕಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಪರಿಹಾರ ನಿಗದಿಪಡಿಸುತ್ತದೆ. ಅದು ಹಲವು ಪಟ್ಟು ಹೆಚ್ಚಿರಬಹುದು. ಹಾಗಾಗಿ ನಂಬರ್, ವಾಹನದ ಬಣ್ಣ, ಅದು ಹೋದ ದಿಕ್ಕು, ಇವುಗಳಲ್ಲಿ ಒಂದನ್ನಾದರೂ ಖಚಿತವಾಗಿ ಕಂಡವರು ಅಷ್ಟನ್ನೇ, ಊಹೆ ಬೆರೆಸದೆ, ಹೇಳಿಬಿಡುವುದು ಸರಿ.