ಗ್ರಂಥವೂ ದಾರಿಯೂ: ತುಮಕೂರು ಸೀಮೆಯಲ್ಲಿ ಕ್ರೈಸ್ತ ಭಕ್ತಿ

ತುಮಕೂರು ಸೀಮೆಯು ಯಾತ್ರಿಕರ ಸೀಮೆ. ಶಿವರಾತ್ರಿಯ ಕಾಲದಲ್ಲಿ ಸಿದ್ಧಗಂಗೆಯ ಬೆಟ್ಟದ ಕಡೆಗೆ ಹೋಗುವ ಜನವನ್ನೂ, ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಗೆ ಹರಕೆ ಹೊತ್ತು ಬರುವವರನ್ನೂ, ದೇವರಾಯನದುರ್ಗವನ್ನು ಏದುಸಿರು ಬಿಡುತ್ತ ಹತ್ತುವ ಮುದುಕರನ್ನೂ ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಗುಬ್ಬಿಯ ಹೆಸರು ಹೇಳಿದೊಡನೆ ಚನ್ನಬಸವೇಶ್ವರನೂ, 16ನೆಯ ಶತಮಾನದ ಕವಿ ಮಲ್ಲಣಾರ್ಯನೂ, 1884ರಲ್ಲಿ ಹುಟ್ಟಿದ ನಾಟಕ ಸಂಘವೂ ನೆನಪಿಗೆ ಬರುತ್ತವೆ. ಇಂಥ ನೆಲಕ್ಕೆ ಸುಮಾರು ನೂರೆಂಬತ್ತು ವರ್ಷಗಳಿಗೂ ಹಿಂದೆ ಬೇರೊಂದು ಭಕ್ತಿಮಾರ್ಗವು ಬಂದಿತು. ಒಂದು ಊರಿನಲ್ಲಿ ದೇವರು ಹತ್ತಿರ, ಇನ್ನೊಂದರಲ್ಲಿ ದೂರ ಎಂಬುದನ್ನು ಅದು ಒಪ್ಪಲಿಲ್ಲ. ಬೆಟ್ಟವನ್ನಾಗಲಿ ನದಿಯನ್ನಾಗಲಿ ತೋರಿಸದೆ, ಜನರ ಕೈಗೆ ಒಂದು ಪುಸ್ತಕವನ್ನು ಕೊಟ್ಟಿತು. ಆ ಪುಸ್ತಕವನ್ನು ಹಿಡಿದು ದೇವರ ಸಮೀಪಕ್ಕೆ ಹೋಗುವುದೆಂದರೇನು, ಯಾತ್ರೆಗೆ ಅಲ್ಲಿ ಏನಾದರೂ ಸ್ಥಾನವುಂಟೆ, ಎಂಬುದನ್ನು ಈ ಹೊತ್ತು ಕೊಂಚ ವಿಚಾರಮಾಡೋಣ.

ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ಕೆಲಸವನ್ನಾರಂಭಿಸಿದನು. ಆಗ ಮೈಸೂರು ಸೀಮೆಯು ಕಮಿಷನರರ ಆಡಳಿತದಲ್ಲಿತ್ತು. ಎರಡು ವರ್ಷಗಳ ತರುವಾಯ ವಿಲಿಯಂ ಆರ್ಥರ್ ಎಂಬ ಐರ್ಲೆಂಡಿನ ತರುಣನು ಅಲ್ಲಿಗೆ ಬಂದು ಸೇರಿದನು. 1819ರಲ್ಲಿ ಹುಟ್ಟಿದ ಅವನಿಗೆ ಆಗ ಇಪ್ಪತ್ತು ವರ್ಷ. ಬಂದವನ ಮೊದಲ ಕೆಲಸ ಉಪದೇಶವಲ್ಲ, ಕನ್ನಡದ ಅಕ್ಷರಾಭ್ಯಾಸ. ಗುಬ್ಬಿಯ ಸಂತೆಯಲ್ಲಿ ನಿಂತು ಮಾತನಾಡಬೇಕೆಂಬ ಆತುರವುಳ್ಳವನು ಮೊದಲು ಸಂತೆಯ ಮಾತನ್ನು ಕಿವಿಗೊಟ್ಟು ಕೇಳಬೇಕಾಯಿತು. ಆದರೆ ಅವನ ದೇಹಸ್ಥಿತಿ ಇಲ್ಲಿಯ ಹವೆಗೆ ನಿಲ್ಲಲಿಲ್ಲ, ಕಣ್ಣುಗಳೂ ಕೆಟ್ಟವು. 1841ರಲ್ಲಿ ಅವನು ಇಂಗ್ಲೆಂಡಿಗೆ ಹಿಂದಿರುಗಿದನು. ಇಲ್ಲಿದ್ದದ್ದು ಎರಡು ವರ್ಷಗಳಷ್ಟೇ. ಆದರೂ 1847ರಲ್ಲಿ ಮೈಸೂರು ಸೀಮೆಯನ್ನು ಕುರಿತು ಒಂದು ದೊಡ್ಡ ಪುಸ್ತಕವನ್ನು ಪ್ರಕಟಿಸಿದನು. 1856ರಲ್ಲಿ ಅವನು ಬರೆದ ಇನ್ನೊಂದು ಗ್ರಂಥಕ್ಕೆ 'ಅಗ್ನಿಯ ನಾಲಗೆ' ಎಂಬ ಅರ್ಥದ ಹೆಸರು. ಅಪೊಸ್ತಲರು ಪವಿತ್ರಾತ್ಮನ ಪ್ರೇರಣೆಯಿಂದ ಅನ್ಯರ ಭಾಷೆಗಳಲ್ಲಿ ಮಾತನಾಡಿದರೆಂಬ ಕಥೆಯೇ ಅದರ ವಿಷಯ. ಅನ್ಯರ ಭಾಷೆಯಲ್ಲಿ ದೇವರ ಮಾತನ್ನು ಆಡುವುದು ಎಷ್ಟು ಕಷ್ಟವೆಂಬುದನ್ನು ಗುಬ್ಬಿಯಲ್ಲಿ ಕಲಿತವನು ಆ ವಿಷಯವನ್ನೇ ಆರಿಸಿಕೊಂಡದ್ದು ನಮಗಂತೂ ಆಕಸ್ಮಿಕವೆಂದು ತೋರುವುದಿಲ್ಲ.

ಹಾಡ್ಸನ್ನನು ಕನ್ನಡ ವ್ಯಾಕರಣವನ್ನು ಬರೆದನು. ಅದರ ಎರಡನೆಯ ಮುದ್ರಣವು 1864ರಲ್ಲಿ ಬೆಂಗಳೂರಿನಲ್ಲಿ ಆಯಿತು. ಅದೇ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಲಕ್ಷ್ಮೀಶನ ಜೈಮಿನಿ ಭಾರತವನ್ನು ಇಂಗ್ಲೀಷಿಗೆ ತರಲು ಕೈಹಾಕಿ 1852ರಲ್ಲಿ ಅಚ್ಚುಮಾಡಿಸಿದನು. ರೀವನ ಕನ್ನಡ ನಿಘಂಟನ್ನು ತಿದ್ದಿ 1858ರಲ್ಲಿ ಹೊರತಂದನು. ಮತಬೋಧಕರಿಗೆ ಇದೆಲ್ಲ ಏಕೆಂದು ಕೇಳಬಹುದು. ಉತ್ತರವು ಸುಲಭ. ಗ್ರಂಥವೇ ದಾರಿಯಾಗಬೇಕಾದರೆ ಅದು ಮೊದಲು ಓದುವವನ ಮನೆಮಾತಿನಲ್ಲಿರಬೇಕು. ಆ ಕೆಲಸಕ್ಕೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲೇ ಅಡಿಪಾಯ ಹಾಕಿದ್ದನು. 1810ರಲ್ಲಿ ಬಳ್ಳಾರಿಗೆ ಬಂದ ಅವನ ಹೊಸ ಒಡಂಬಡಿಕೆಯು 1820ರ ಸುಮಾರಿಗೆ ಅಚ್ಚಾಯಿತು. ಇನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ಬೈಬಲ್ ಪೂರ್ಣವಾಗಿ ಕನ್ನಡಕ್ಕೆ ಬಂದಿತು. ಅನಂತರ ಮಂಗಳೂರಿನ ಬಾಸೆಲ್ ಮಿಷನ್ನಿನವರೂ ಉಳಿದವರೂ ಕೂಡಿ ಅದನ್ನು ತಿದ್ದಿ ತೀಡಿದರು.

ಇಲ್ಲಿ ಒಂದು ಸೂಕ್ಷ್ಮವುಂಟು. ಭಾಷಾಂತರಕಾರನಿಗೆ ಹೊಸ ಮಾತುಗಳು ಎಲ್ಲಿಂದ ದೊರೆತಾವು? ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರಕ್ಕೆ ಅವರು 'ದೀಕ್ಷಾಸ್ನಾನ'ವೆಂದರು. ಮನುಷ್ಯನ ಯೋಗ್ಯತೆಯನ್ನು ನೋಡದೆ ದೇವರು ತೋರುವ ಪ್ರೀತಿಗೆ 'ಕೃಪೆ'ಯೆಂದರು. ಕಥೋಲಿಕರು ರೊಟ್ಟಿಯ ರೂಪದಲ್ಲಿ ಸ್ವೀಕರಿಸುವ ಸಂಸ್ಕಾರಕ್ಕೆ 'ಪರಮಪ್ರಸಾದ'ವೆಂಬುದೇ ಹೆಸರು. ದೀಕ್ಷೆ, ಕೃಪೆ, ಪ್ರಸಾದ ಈ ಮೂರನ್ನೂ ಗುಬ್ಬಿಯ ಸಾಮಾನ್ಯ ಒಕ್ಕಲಿಗನು ತಾಯಿಯ ಹಾಲಿನೊಡನೆ ಬಲ್ಲನು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಷ್ಟೆ. ಆದಕಾರಣ ಈ ಸೀಮೆಯಲ್ಲಿ ಸುವಾರ್ತೆಯನ್ನು ಕೇಳಿದವನು ಬರಿಯ ಕಿವಿಯಿಂದ ಕೇಳಲಿಲ್ಲ. ಅವನ ಒಳಗೆ ಆ ಮಾತುಗಳು ಆಗಲೇ ಅರ್ಧ ಅರ್ಥವಾಗಿ ಕುಳಿತಿದ್ದವು. ಇದರಿಂದ ಅನುಕೂಲವೂ ಉಂಟು, ಅಪಾಯವೂ ಉಂಟು. ತಿಳಿದ ಮಾತೆಂದು ಹೊಸ ಅರ್ಥವನ್ನು ಗಮನಿಸದೆ ದಾಟಿಹೋಗಬಹುದು. ಆದುದರಿಂದಲೇ ಮುಕ್ತಿಯನ್ನು ಹೇಳುವ ಎಡೆಗಳಲ್ಲಿ ಭಾಷಾಂತರಕಾರರು 'ಮೋಕ್ಷ'ವೆಂಬ ಸಿದ್ಧಪದಕ್ಕೆ ಬದಲಾಗಿ ಸಾಮಾನ್ಯವಾಗಿ 'ರಕ್ಷಣೆ'ಯನ್ನು ಬಳಸಿದರು. ಮೋಕ್ಷವೆಂದರೆ ಬಿಡುಗಡೆ, ರಕ್ಷಣೆಯೆಂದರೆ, ಮುಳುಗುವವನ ಕೈಹಿಡಿಯುವ ಇನ್ನೊಬ್ಬನು ಅಲ್ಲಿರಬೇಕು. ಈ ಒಂದು ಪದದ ಆಯ್ಕೆಯಲ್ಲಿ ಕ್ರೈಸ್ತ ವಿಶ್ವಾಸದ ಮುಕ್ಕಾಲು ಪಾಲು ಅಡಗಿದೆಯೆಂದು ನಮ್ಮ ಎಣಿಕೆ.

ಹಾಗಾದರೆ ಈ ಗ್ರಂಥವನ್ನು ಓದುವ ಬಗೆ ಯಾವುದು? ವೃತ್ತಾಂತಪತ್ರಿಕೆಯನ್ನು ಓದುವಂತೆ ಓದಿದರೆ ದೇವರು ಸಮೀಪವಾಗುವುದಿಲ್ಲವೆಂದು ಕ್ರೈಸ್ತ ಸಾಧಕರೆಲ್ಲರೂ ಹೇಳಿದ್ದಾರೆ. 12ನೆಯ ಶತಮಾನದಲ್ಲಿ ಗೀಗೋ ಎಂಬ ಕಾರ್ತೂಸಿಯನ್ ಸಂನ್ಯಾಸಿಯು ಇದನ್ನು ನಾಲ್ಕು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದನು: ಓದು, ಮನನ, ಪ್ರಾರ್ಥನೆ, ಧ್ಯಾನ. ನಮ್ಮ ಶ್ರವಣ, ಮನನ, ನಿದಿಧ್ಯಾಸನಗಳನ್ನು ಬಲ್ಲವರಿಗೆ ಇದು ಪರಕೀಯವಾಗಿ ತೋರದು. ಆದರೆ ಒಂದು ಭೇದವನ್ನು ಗುರುತಿಸಬೇಕು. ಗೀಗೋನ ಏಣಿಯಲ್ಲಿ ಮನನಕ್ಕೂ ಧ್ಯಾನಕ್ಕೂ ನಡುವೆ ಪ್ರಾರ್ಥನೆ ಬರುತ್ತದೆ. ಓದಿದವನು ತನ್ನ ಕೊರತೆಯನ್ನು ಕಂಡು ಬೇಡಲೇಬೇಕು. ಬೇಡದೆ ಮೇಲಿನ ಮೆಟ್ಟಿಲು ಸಿಕ್ಕುವುದಿಲ್ಲ.

ಗುಬ್ಬಿಗೆ ಬಂದವರು ವೆಸ್ಲಿಯ ಅನುಯಾಯಿಗಳಾದುದರಿಂದ ಅವನ ಮಾತನ್ನೂ ಇಲ್ಲಿ ಹೇಳಬೇಕು. ಜಾನ್ ವೆಸ್ಲಿಯು ಶಾಸ್ತ್ರಗಳನ್ನು ಓದಿದ ಪಂಡಿತ, ದೀಕ್ಷೆ ಪಡೆದ ಪಾದ್ರಿ. ಅಷ್ಟಾದರೂ ಅವನ ಹೃದಯಕ್ಕೆ ಸಮಾಧಾನವಿರಲಿಲ್ಲ. 1738ನೆಯ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದನು. ಅಲ್ಲಿ ಯಾರೋ ಒಬ್ಬರು ರೋಮಾಪುರದವರ ಪತ್ರಿಕೆಗೆ ಲೂಥರನು ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಕೇಳುತ್ತಿದ್ದಂತೆ ಅವನ ಹೃದಯವು ವಿಚಿತ್ರವಾಗಿ ಬೆಚ್ಚಗಾಯಿತಂತೆ. ಸಾವಿರ ಸಲ ತಾನೇ ಓದಿದವನಿಗೆ ಬೇರೊಬ್ಬರು ಓದಿದ್ದನ್ನು ಕೇಳಿದಾಗ ಬಾಗಿಲು ತೆರೆಯಿತು. (ಕಾಣದ ಕಂಠದಿಂದ ಮಾತು ಕೇಳಿ ಅಭ್ಯಾಸವಾದ ನಮಗೆ ಈ ಸಂಗತಿಯು ವಿಶೇಷವಾಗಿ ಹಿತವೆನಿಸುತ್ತದೆ.) ಅನಂತರ ಅವನ ಪಂಥದಲ್ಲಿ ಹನ್ನೆರಡು ಮಂದಿಯಷ್ಟು ಜನರ ಚಿಕ್ಕ ಕೂಟಗಳು ವಾರಕ್ಕೊಮ್ಮೆ ಸೇರುವ ಪದ್ಧತಿ 1742ರಿಂದ ಬೆಳೆಯಿತು. ಅಲ್ಲಿ ನಾಯಕನು ಒಬ್ಬೊಬ್ಬರನ್ನೂ 'ನಿನ್ನ ಆತ್ಮದ ಕ್ಷೇಮವು ಹೇಗಿದೆ' ಎಂಬ ಭಾವದಿಂದ ವಿಚಾರಿಸಬೇಕು. ನಗರವಾಸಿಗಳಾದ ನಾವು ನೆರೆಯವನ ಆರೋಗ್ಯವನ್ನೂ ಸಂಬಳವನ್ನೂ ವಿಚಾರಿಸುತ್ತೇವೆ. ಈ ಪ್ರಶ್ನೆಯನ್ನು ಕೇಳಲು ನಾಚುತ್ತೇವೆ.

ಹಾಡ್ಸನ್ನನು ಮುದಿವಯಸ್ಸಿನಲ್ಲಿ, 1877ರಲ್ಲಿ, ಗುಬ್ಬಿ ಪ್ರಾಂತದ ಒಬ್ಬ ಹಳ್ಳಿಗನ ಚರಿತ್ರೆಯನ್ನು ಪ್ರಕಟಿಸಿದನು. ದೀಕ್ಷಾಸ್ನಾನವಾದ ಮೇಲೆ ಆ ಮನುಷ್ಯನಿಗೆ ದಾನಿಯೇಲನೆಂದು ಹೆಸರಾಯಿತು. ಪುಸ್ತಕವು ಅವನನ್ನು 'ಮುದುಕ ದಾನಿಯೇಲ'ನೆಂದೇ ಕರೆಯುತ್ತದೆ. ರಾಜನಲ್ಲ, ಪಂಡಿತನಲ್ಲ, ಗುಬ್ಬಿಯ ಸುತ್ತಿನ ಹಳ್ಳಿಯವನೊಬ್ಬನ ಬಾಳನ್ನು ಆ ಕಾಲದಲ್ಲಿ ಒಬ್ಬನು ಕುಳಿತು ಬರೆದನೆಂಬುದೇ ಗಮನಿಸತಕ್ಕ ಮಾತು. ಆದರೆ ಹೊರಗಿನವನು ಬರೆದ ಚರಿತ್ರೆಯಲ್ಲಿ ಬರೆದವನ ಕಣ್ಣೇ ಹೆಚ್ಚು. ನಾಯಕನ ಒಳಮಾತು ಕಡಮೆ. ಅವನೇ ಕನ್ನಡದಲ್ಲಿ ತನ್ನ ಕಥೆಯನ್ನು ಹೇಳಿದ್ದರೆ ನಮಗೆ ಬೇರೆಯೇ ಒಂದು ಪುಸ್ತಕವು ದೊರೆಯುತ್ತಿತ್ತು. ಹಾಗೆ ಸಭೆಗೆ ಸೇರುವುದಕ್ಕೆ ಆಗ ತೆರಬೇಕಾಗಿದ್ದ ಬೆಲೆಯನ್ನು ಇಂದು ಊಹಿಸುವುದೂ ಕಷ್ಟ. ಮತವನ್ನು ಬಿಟ್ಟವನಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು ಬ್ರಿಟಿಷ್ ಇಂಡಿಯದಲ್ಲಿ 1850ರಲ್ಲಿ ಕಾನೂನಾಯಿತು. ಆದರೆ ಬಾವಿಕಟ್ಟೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಸಾವಿನ ಮನೆಯಲ್ಲಿ ಮನುಷ್ಯನು ಒಂಟಿಯಾಗುವುದನ್ನು ಯಾವ ಕಾನೂನು ತಡೆದೀತು? ದೇವರಿಗೆ ಹತ್ತಿರವಾಗಲು ಹೊರಟವನು ತಾಯಿಗೆ ದೂರವಾದನು. ಇದನ್ನು ಮಿಷನ್ನಿನವರು ಗೆಲುವೆಂದು ಬರೆದುಕೊಂಡರು, ಊರಿನವರು ದ್ರೋಹವೆಂದರು. ಎರಡೂ ಮಾತುಗಳು ಆ ಮನೆಯೊಳಗಿನ ದುಃಖವನ್ನು ಮುಟ್ಟಿಲ್ಲವೆಂದು ನಮಗೆ ತೋರುತ್ತದೆ. ಎಲ್ಲರೂ ವಿಚಾರಮಾಡಿ ಬಂದವರೂ ಅಲ್ಲ. 1876-78ರ ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮದ ತರುವಾಯ ಮಿಷನ್ನು ತುಮಕೂರಿನಲ್ಲಿ ಅನಾಥ ಬಾಲಕರ ಪೋಷಣೆಯನ್ನು ಕೈಕೊಂಡಿತು. ಅಲ್ಲಿ ಬೆಳೆದ ಮಕ್ಕಳಿಗೆ ವಿಶ್ವಾಸವು ಅನ್ನದ ಜೊತೆಯಲ್ಲಿಯೇ ಬಂದಿತು. ಅದರಿಂದ ಅವರ ಭಕ್ತಿ ಕಡಮೆಯದಾಯಿತೆಂದು ಹೇಳಲು ಹೊಟ್ಟೆ ತುಂಬಿದ ನಾವು ಯಾರು?

ಇನ್ನು ಯಾತ್ರೆ. ಪ್ರಾಟೆಸ್ಟಂಟರು ಪುಣ್ಯಕ್ಷೇತ್ರಗಳನ್ನು ಸಂಶಯದಿಂದ ನೋಡಿದರೆಂಬುದು ನಿಜ. ಆದರೆ ಯಾತ್ರೆಯೆಂಬ ಭಾವನೆಯನ್ನು ಅವರು ಬಿಡಲಿಲ್ಲ, ಒಳಕ್ಕೆ ತೆಗೆದುಕೊಂಡರು. 1678ರಲ್ಲಿ ಅಚ್ಚಾದ ಜಾನ್ ಬನಿಯನ್ನನ ಯಾತ್ರಿಕನ ಕಥೆಯು ಬಹುಮಟ್ಟಿಗೆ ಸೆರೆಮನೆಯ ಫಲ. ಕಾಲಿಗೆ ದಾರಿಯಿಲ್ಲದವನು ಮನಸ್ಸಿನಲ್ಲಿ ದಾರಿ ಮಾಡಿದನು. 19ನೆಯ ಶತಮಾನದ ಮಧ್ಯದಲ್ಲಿ ಅದು 'ಯಾತ್ರಿಕನ ಸಂಚಾರ'ವೆಂದು ಕನ್ನಡಕ್ಕೆ ಬಂದು, ನಮ್ಮ ಗದ್ಯಕಥೆಗಳ ಹಿರಿಯರ ಸಾಲಿನಲ್ಲಿ ನಿಂತಿದೆ. ಬೈಬಲಿನೊಳಗೇ ಯಾತ್ರೆಯ ಹಾಡುಗಳಿವೆ. ಕೀರ್ತನೆಗಳಲ್ಲಿ 120ರಿಂದ 134ರವರೆಗಿನ ಹದಿನೈದನ್ನು ಯೆರೂಸಲೇಮಿಗೆ ಹತ್ತಿಹೋಗುವ ಯಾತ್ರಿಕರ ಹಾಡುಗಳೆಂದು ಬಹುಕಾಲದಿಂದ ತಿಳಿದಿದ್ದಾರೆ. ಅವು ಚಿಕ್ಕವು, ಕಂಠಪಾಠಕ್ಕೆ ಒಗ್ಗುವಂಥವು; ದಾರಿಯ ಭಯ, ದೂರದಲ್ಲಿ ಕಾಣುವ ಬೆಟ್ಟ, ಜೊತೆಯವರ ಸಂತೋಷ, ಮನೆಯ ಮಕ್ಕಳ ನೆನಪು ಎಲ್ಲವೂ ಅಲ್ಲಿವೆ.

ಕಥೋಲಿಕರ ಪರಂಪರೆಯು ಇದಕ್ಕಿಂತ ಹಳೆಯದು. 17ನೆಯ ಶತಮಾನದ ಮಧ್ಯದಲ್ಲಿಯೇ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿಯು ಶ್ರೀರಂಗಪಟ್ಟಣದಲ್ಲಿ ನೆಲಸಿ ಕನ್ನಡದಲ್ಲಿ ಬರೆದಿದ್ದನು. ತುಮಕೂರು ಜಿಲ್ಲೆಯ ಕಥೋಲಿಕರು ಬೆಂಗಳೂರಿನ ಮಹಾಧರ್ಮಪ್ರಾಂತಕ್ಕೆ ಸೇರಿದವರು. ಬೆಂಗಳೂರಿನ ಶಿವಾಜಿನಗರದಲ್ಲಿ 1882ರಲ್ಲಿ ಕಟ್ಟಿದ ಸಂತ ಮರಿಯಮ್ಮನವರ ದೇವಾಲಯದಲ್ಲಿ ಸೆಪ್ಟೆಂಬರ್ 8ರಂದು ನಡೆಯುವ ಉತ್ಸವವನ್ನು ನೋಡಿದವರಿಗೆ ಅಲ್ಲಿ ಮಾತೆಯು ಸೀರೆಯುಟ್ಟು ನಿಂತಿರುವುದು ನೆನಪಿರಬಹುದು. ಕೃಷ್ಣರಾಜನಗರದ ತಾಲ್ಲೂಕಿನ ಡೋರನಹಳ್ಳಿಯಲ್ಲಿ ಜೂನ್ 13ರಂದು ಸಂತ ಅಂತೋಣಿಯ ಹಬ್ಬ. ಹೊಲ ಉಳುತ್ತಿದ್ದ ರೈತನ ನೇಗಿಲಿಗೆ ಮರದ ವಿಗ್ರಹವೊಂದು ತಗುಲಿತೆಂದು ಅಲ್ಲಿಯ ಐತಿಹ್ಯ. 2019ರಲ್ಲಿ ಅದಕ್ಕೆ ಬಸಿಲಿಕದ ಪದವಿ ದೊರೆಯಿತು. ಆದರೆ ಜನರು ಅದಕ್ಕಾಗಿ ಕಾದಿರಲಿಲ್ಲ. ಅಲ್ಲಿಗೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಕಾವಿಯುಟ್ಟು ವೇಳಾಂಗಣಿಗೆ ನಡೆದೇ ಹೋಗುವವರೂ ಉಂಟು. ಇವರ ಹರಕೆಗಳಲ್ಲಿ ರೋಗ, ಸಾಲ, ಸಂತಾನ, ವ್ಯಾಜ್ಯ ಇವೇ ಹೆಚ್ಚೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪವು ಸುಳ್ಳಲ್ಲ. ಆದರೆ ಇಪ್ಪತ್ತು ಮೈಲಿ ನಡೆದವನ ಬೇಡಿಕೆಯು ಹೊರಟಾಗ ಇದ್ದಂತೆಯೇ ತಲುಪಿದಾಗಲೂ ಇರುವುದಿಲ್ಲ. ಕಾಲು ಬೊಬ್ಬೆಯೆದ್ದಾಗ ನೆರಳು ಕೊಟ್ಟವರು, ನೀರು ಕೊಟ್ಟವರು, ಅವನಿಗಿಂತ ಹೆಚ್ಚು ಕಷ್ಟಪಟ್ಟು ನಡೆಯುವ ಮುದುಕಿ, ಇವರೆಲ್ಲ ಆ ಬೇಡಿಕೆಯೊಳಗೆ ಬಂದು ಸೇರುತ್ತಾರೆ.

ಗ್ರಂಥವೂ ದಾರಿಯೂ ಬೇರೆ ಬೇರೆಯೆಂದು ವಾದಿಸುವವರಿಗೆ ಲೂಕನ ಸುವಾರ್ತೆಯ ಕೊನೆಯ ಅಧ್ಯಾಯವನ್ನು ನಾವು ತೋರಿಸಬಯಸುತ್ತೇವೆ. ಯೇಸುವು ಸತ್ತ ಮೂರನೆಯ ದಿನ ಇಬ್ಬರು ಶಿಷ್ಯರು ಎಲ್ಲವೂ ಮುಗಿಯಿತೆಂಬ ನಿರಾಶೆಯಿಂದ ಎಮ್ಮಾಹು ಎಂಬ ಹಳ್ಳಿಗೆ ನಡೆದುಹೋಗುತ್ತಿದ್ದರು. ದೂರವು ಏಳು ಮೈಲಿ. ತುಮಕೂರಿನಿಂದ ಗುಬ್ಬಿಗಿರುವ ದಾರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಪರಿಚಿತನೊಬ್ಬನು ಬಂದು ಕೂಡಿಕೊಂಡು, ದಾರಿಯುದ್ದಕ್ಕೂ ಅವರಿಗೆ ಶಾಸ್ತ್ರಗಳ ಅರ್ಥವನ್ನು ಬಿಡಿಸಿ ಹೇಳಿದನು. ಅವರು ಗುರುತಿಸಲಿಲ್ಲ. ಹೊತ್ತು ಮುಳುಗಿತು, ಇಲ್ಲಿಯೇ ತಂಗೆಂದು ಬಲವಂತಮಾಡಿದರು. ಊಟಕ್ಕೆ ಕುಳಿತು ಅವನು ರೊಟ್ಟಿಯನ್ನು ಮುರಿದಾಗ ಅವನು ಯಾರೆಂಬುದು ತಿಳಿಯಿತು. ತಿಳಿದೊಡನೆ ಅವನು ಕಣ್ಮರೆಯಾದನು. ಓದು, ನಡಗೆ, ಅತಿಥಿಸತ್ಕಾರ ಮೂರೂ ಇಲ್ಲಿ ಒಂದೇ ಸಂಜೆಯೊಳಗಿವೆ. ದಾರಿಯಲ್ಲಿ ಹೃದಯವು ಉರಿಯುತ್ತಿದ್ದುದು ಅವರಿಗೆ ಹೊಳೆದದ್ದು ಆಮೇಲೆ.

1947ರಲ್ಲಿ ವೆಸ್ಲಿಯನ್ನರೂ ಇತರರೂ ಕೂಡಿ ದಕ್ಷಿಣ ಇಂಡಿಯಾ ಸಭೆಯಾದರು. 1962-65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಕಥೋಲಿಕರ ಬಲಿಪೂಜೆಯು ಲ್ಯಾಟಿನನ್ನು ಬಿಟ್ಟು ಕನ್ನಡದಲ್ಲಿ ನಡೆಯಲಾರಂಭಿಸಿತು. ತಪಸ್ಸುಕಾಲದ ಶುಕ್ರವಾರಗಳಲ್ಲಿ ಕಥೋಲಿಕರು ನಡೆಸುವ ಶಿಲುಬೆಯ ಹಾದಿಯಲ್ಲಿ ಹದಿನಾಲ್ಕು ನಿಲುಗಡೆಗಳಿವೆ. ಪ್ರತಿಯೊಂದರಲ್ಲಿಯೂ ನಿಂತು ಮೊಣಕಾಲೂರುತ್ತಾರೆ, ಒಬ್ಬರು ಕನ್ನಡದಲ್ಲಿ ಓದುತ್ತಾರೆ, ಉಳಿದವರು ಕೇಳುತ್ತಾರೆ, ಅನಂತರ ಎದ್ದು ನಾಲ್ಕು ಹೆಜ್ಜೆ ಮುಂದಕ್ಕೆ ನಡೆಯುತ್ತಾರೆ.